ಸುಂಕವಿಲ್ಲದ ದಾರಿ

ಬುದವಂತಿ ಅಂಬಿಗ, ಅರವತ್ತೊಂದು, ಸುಂಕೇರಿ.
ಪಿತ್ತಕೋಶದ ತುಂಬ ಕಲ್ಲು.
'ಬಳಚು ಆರ್ಸಿ ಆರ್ಸಿ ಹೊಟ್ಟಿಲೇ ಬೆಳದ್ವೇನೋ'
ಅಂತ ತಾನೇ ನಗುತ್ತಾಳೆ, ಕೈಗೆ ಸೂಜಿ ಚುಚ್ಚಿಸಿಕೊಳ್ಳುತ್ತ.
ನಾನು ನಗುವುದಿಲ್ಲ. ಎಕೋ ಕಾಗದ ನೋಡುತ್ತಿದ್ದೇನೆ:
ಹೃದಯ ಹಿಂಡುವುದು ಮೂವತ್ತೈದು ಪಾಲು ಮಾತ್ರ,
ನೆನೆದ ಕಂಬಳಿಯನ್ನು ಒಂದೇ ಕೈಲಿ ಹಿಂಡಿದ ಹಾಗೆ.

ಇಂಥವರಿಗೆಂದೇ ಒಂದು ಗಾಳಿ ಇದೆ.
ಹದಿನಾರು ವರ್ಷದಿಂದ ಅದರ ಬಗ್ಗೆ ಓದುತ್ತಿದ್ದೇನೆ,
ಒಮ್ಮೆಯೂ ಕಂಡಿಲ್ಲ. ಕಾಣುವಂಥದ್ದೂ ಅಲ್ಲ,
ಬಣ್ಣವಿಲ್ಲ, ವಾಸನೆಯಿಲ್ಲ.
ಸಿಲಿಂಡರಿನ ಬೆಲೆ ಕೇಳಿ ಸ್ಟೋರಿನ ನಾಯ್ಕರು
ಕನ್ನಡಕ ತೆಗೆದು ನನ್ನನ್ನೇ ನೋಡಿದ್ದರು.

ಕ್ಸೆನಾನ್.
ಹೆಸರಿನ ಅರ್ಥ ಪರದೇಶಿ. ಗ್ರೀಕರಲ್ಲಿ
ಪರದೇಶಿಗೂ ನೆಂಟನಿಗೂ ಒಂದೇ ಶಬ್ದವಂತೆ.
ಯಾರೊಡನೆಯೂ ನೆಂಟಸ್ತನ ಬೆಳೆಸದ ನೆಂಟ.
ರಕ್ತದಲ್ಲಿ ಬೆರೆತೂ ಬೆರೆಯದೆ ಮಿದುಳಿನ ತನಕ ಹೋಗಿ
ನೋವು ಒಳಬರುವ ಬಾಗಿಲ ಹೊಸ್ತಿಲಲ್ಲಿ
ಸುಮ್ಮನೆ ಕೂತುಬಿಡುತ್ತದೆ.
ಎದೆಯ ಬಡಿತಕ್ಕೆ ಕೈ ಹಚ್ಚುವುದಿಲ್ಲ,
ಯಕೃತ್ತಿನ ಒಲೆಯಲ್ಲಿ ಬೇಯುವುದಿಲ್ಲ.
ಕೆಲಸ ಮುಗಿಯಿತೋ, ಹತ್ತೆಂಟು ಉಸಿರಲ್ಲಿ
ಇದ್ದ ಹಾಗೇ ಎದ್ದು ಹೊರಟಿತು.
ಬಂದ ದಾರಿಗೆ ಸುಂಕವಿಲ್ಲ.

ಕೈಗಾದಲ್ಲಿ ಪಾಳಿ ಮಾಡುವ ನನ್ನ ಭಾವ ಹೇಳುತ್ತಾನೆ,
ಅಲ್ಲಿ ಅಣು ಒಡೆದಾಗ ಇದರದೇ ದಾಯಾದಿಯೊಂದು ಹುಟ್ಟಿ
ಬೆಂಕಿಯ ತುತ್ತನ್ನೇ ಕಸಿದು ತಿನ್ನುತ್ತದಂತೆ,
ಒಲೆ ಒಮ್ಮೆ ಆರಿತೆಂದರೆ ದಿನವೊಪ್ಪತ್ತು ಹೊತ್ತಲು ಬಿಡದು.
'ನಮಗೆ ವಿಷ, ನಿಮಗೆ ಜೋಗುಳ' ಅನ್ನುತ್ತಾನೆ
ಬಂಗುಡೆಯ ಮುಳ್ಳು ಬಿಡಿಸುತ್ತ.

'ಎದ್ದಮೇಲೂ ನಾ ನಾನೇ ಆಗಿರ್ತೆ ಅಲ್ದಾ?'
ಬುದವಂತಿ ಕೇಳುತ್ತಾಳೆ.
ಉಳಿದವರು ಕೇಳುವುದು ಏಳುತ್ತೇನಾ ಅಂತ.
ಹೌದು ಅಂದೆ. ಗೊತ್ತಿದ್ದು ಅಂದದ್ದಲ್ಲ.

ಈ ಕೋಣೆಯ ಗಾಳಿಯಲ್ಲೂ ಅದು ಇದೆ,
ಕೋಟಿಗೆ ಒಂದು ಬೀಳುವುದೂ ಕಷ್ಟ.
ಬೈತಖೋಲದ ಡೀಸೆಲ್ ಹೊಗೆ, ಒಣಮೀನು, ಫಿನಾಯಿಲು,
ಇವುಗಳ ನಡುವೆ ಎಲ್ಲೋ.
ಆಸ್ಪತ್ರೆ ಕೊಳ್ಳಲಾರದ್ದನ್ನು ಹುಟ್ಟಿದಾಗಿನಿಂದ
ಪುಕ್ಕಟೆ ಎಳೆಯುತ್ತಿದ್ದೇವೆ,
ಒಂದು ಆಕಳಿಕೆಗೂ ಸಾಲದಷ್ಟು.

ಮಾಸ್ಕ್ ಇಟ್ಟೆ. ನನ್ನ ಬಳಿ ಇರುವುದು ಸೆವೊಫ್ಲುರೇನ್,
ಅದಕ್ಕೂ ಮೊದಲು ಅಳೆದು ಸುರಿದು ಎಟೊಮಿಡೇಟ್,
ಒತ್ತಡ ಬಿದ್ದರೆ ಎತ್ತಲು ಟ್ರೇಯಲ್ಲಿ ಮೂರು ಸಿರಿಂಜು.
'ಉದ್ದ ಉಸಿರು ಎಳೆಯಿರಿ' ಅಂದೆ.
ಎಳೆದಳು. ಹಿಡಿದಳು.
ಬಿಡಲಿಲ್ಲ.
ಟೆಕ್ನಿಶಿಯನ್ ಗಜು ಗಾಬರಿಯಾಗಿ ಚೀಲ ನೋಡಿದ.
ಚೀಲ ಅಲ್ಲಾಡಲಿಲ್ಲ.
ಆಗ ಹೊಳೆಯಿತು: ಅವಳು ಕಾಳಿಯಲ್ಲಿ ಮುಳುಗಿದ್ದಾಳೆ.
ನಲವತ್ತು ವರ್ಷ ಉದ್ದ ಉಸಿರು ಎಳೆದದ್ದೆಲ್ಲ ಹಿಡಿಯುವುದಕ್ಕೇ,
ತಳದ ಕೆಸರಲ್ಲಿ ಬೆರಳಾಡಿಸುತ್ತ
ಬುಟ್ಟಿಗೆ ಮೂರು, ನಾಲ್ಕು, ಐದು.
ಮಾನಿಟರು ಒಂದೇ ಸ್ಥಾಯಿಯಲ್ಲಿ ಕೂಗುತ್ತಿತ್ತು. ತೊಂಬತ್ತೊಂಬತ್ತು.
ಅವಳ ಪುಪ್ಪುಸದ ಮೂಲೆಯಲ್ಲಿ,
ಆಕ್ಸಿಜನ್ನಿಗೆ ತೊಳೆದು ಹೋಗದೆ ಉಳಿದ ಒಂದಿಷ್ಟು ಪರದೇಶಿಗಳೂ
ಅವಳ ಜೊತೆ ಉಸಿರು ಕಟ್ಟಿ ಕೂತಿದ್ದಿರಬೇಕು.
'ಬಿಡು ಬುದವಂತಿ, ಇಲ್ಲಿ ನೀರಿಲ್ಲ.'

ಬಿಟ್ಟಳು.

ಐವತ್ತು ನಿಮಿಷ. ಹನ್ನೊಂದು ಕಲ್ಲು
ಸ್ಟೀಲಿನ ಬಟ್ಟಲಲ್ಲಿ ಟಣ್ ಅಂದವು.
ಒತ್ತಡ ಎರಡು ಸಲ ಜಾರಿತು, ಎರಡು ಸಲ ಎತ್ತಿದೆ.
ಅಷ್ಟೂ ಹೊತ್ತು ನನ್ನ ಬೆರಳು ಅವಳ ನಾಡಿಯ ಮೇಲೆ.
ಹೊಸ್ತಿಲಲ್ಲಿ ಯಾರಾದರೂ ಕೂರಬೇಕಲ್ಲ.

ತಡವಾಗಿ ಕಣ್ಣು ಬಿಟ್ಟಳು. ಭಾರದ ರೆಪ್ಪೆ, ಒಣ ತುಟಿ.
ನಿಮ್ಮ ಹೆಸರು ಹೇಳಿ ಅಂದೆ. ಹೇಳಲಿಲ್ಲ.
ಕಿಟಕಿಯ ಕಡೆ ಮುಖ ಹೊರಳಿಸಿ
'ಇಳ್ತ ಸುರುವಾತಾ?' ಅಂದಳು.